ಅಂಕಪಟ್ಟಿಯ ಆಚೆಗಿನ ದುಡಿಮೆ: ಜ್ಞಾನ ಆರ್ಥಿಕತೆಯಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು



ಜ್ಞಾನ ಆರ್ಥಿಕತೆ ಎಂಬ ಮಾತು ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸದಲ್ಲ. ಘಟಿಕೋತ್ಸವದ ಭಾಷಣಗಳಲ್ಲಿ, ಮಾನ್ಯತೆ ನೀಡುವ ನ್ಯಾಕ್ ಸಂಸ್ಥೆಗೆ ಸಲ್ಲಿಸುವ ಸ್ವಯಂ ಅಧ್ಯಯನ ವರದಿಗಳಲ್ಲಿ, ಹೊಸ ಕೋರ್ಸು ತೆರೆಯಲು ಬರೆಯುವ ಪ್ರಸ್ತಾವನೆಗಳಲ್ಲಿ ಅದು ಇದ್ದೇ ಇರುತ್ತದೆ. ಆ ಮಾತನ್ನಾಡುವಾಗ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ, ಪೇಟೆಂಟು, ಸ್ಟಾರ್ಟಪ್ಪು, ಕ್ಯಾಂಪಸ್ ನೇಮಕಾತಿಯ ಸಂಖ್ಯೆ. ಅಧ್ಯಾಪಕರಾದ ನಾವು ಆ ಆರ್ಥಿಕತೆಯ ಬಾಗಿಲಾಚೆ ನಿಂತು ಅದಕ್ಕೆ ಕೆಲಸಗಾರರನ್ನು ಒದಗಿಸುವವರು ಎಂಬ ಭಾವನೆ ನಮ್ಮೊಳಗೇ ಗಟ್ಟಿಯಾಗಿ ಕೂತಿದೆ. ಈ ತಿಳಿವಳಿಕೆ ತಪ್ಪು. ಆ ತಪ್ಪಿನ ಬೆಲೆಯನ್ನು ತರಗತಿ, ಸಂಶೋಧನೆ, ನಾಡಿನ ಜನ ಎಲ್ಲರೂ ತೆರುತ್ತಿದ್ದಾರೆ. ಮಾರುಕಟ್ಟೆ ಬೆಲೆ ಕೊಡದಿದ್ದರೂ ಮಾರುಕಟ್ಟೆಯೇ ಊರಿ ನಿಂತಿರುವ ಜ್ಞಾನವನ್ನು ಹುಟ್ಟಿಸಿ ಹಂಚುವುದು ಅಧ್ಯಾಪಕರ ಪಾಲಿಗೆ ಬಂದ ಆರ್ಥಿಕ ಕೆಲಸ. ಇಂದಿನ ಉಪನ್ಯಾಸದ ವಾದ ಇಷ್ಟೇ. ಇದಕ್ಕೆ ಆಧಾರಗಳನ್ನೂ ಇದರ ವಿರುದ್ಧ ಎದ್ದು ನಿಲ್ಲುವ ಆಕ್ಷೇಪಗಳನ್ನೂ ತಮ್ಮ ಮುಂದಿಡುತ್ತೇನೆ.

ಮೊದಲು ಈ ಕಲ್ಪನೆ ಹುಟ್ಟಿದ ಕಡೆಗೆ ಹೋಗೋಣ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅರ್ಥಶಾಸ್ತ್ರಜ್ಞ ಫ್ರಿಟ್ಜ್ ಮ್ಯಾಕ್ಲಪ್ 1962ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ದೇಶ ಜ್ಞಾನದ ಉತ್ಪಾದನೆಗೂ ಹಂಚಿಕೆಗೂ ಎಷ್ಟು ವೆಚ್ಚ ಮಾಡುತ್ತದೆ ಎಂಬುದನ್ನು ವಿಸ್ತಾರವಾಗಿ ಲೆಕ್ಕ ಹಾಕಿದರು. 1958ರಲ್ಲಿ ಅಮೆರಿಕದ ಒಟ್ಟು ರಾಷ್ಟ್ರೀಯ ಉತ್ಪನ್ನದ ಸುಮಾರು ಶೇ. 29ರಷ್ಟು ಜ್ಞಾನೋದ್ಯಮಗಳದ್ದು ಎಂಬುದು ಅವರ ಅಂದಾಜು. ಶಿಕ್ಷಣ, ಸಂಶೋಧನೆ, ಸಂಪರ್ಕ ಮಾಧ್ಯಮ, ಮಾಹಿತಿ ಯಂತ್ರಗಳು, ಮಾಹಿತಿ ಸೇವೆಗಳು ಎಂದು ಅವರು ಐದು ಭಾಗ ಮಾಡಿದ್ದರು. ಸುಮಾರು 13,600 ಕೋಟಿ ಡಾಲರಿನ ಆ ಮೊತ್ತದಲ್ಲಿ 6,000 ಕೋಟಿ ಶಿಕ್ಷಣದ್ದು. ಉಳಿದ ಯಾವ ಭಾಗವೂ ಅದರ ಹತ್ತಿರಕ್ಕೆ ಬರಲಿಲ್ಲ. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಓದುತ್ತಿರುವ ವಿದ್ಯಾರ್ಥಿ ಕೈಬಿಟ್ಟ ಕೂಲಿಯನ್ನೂ, ಎಳೆಯ ಮಕ್ಕಳಿಗೆ ಕಲಿಸಲೆಂದು ಮನೆಯಲ್ಲಿ ಉಳಿದ ತಾಯಂದಿರ ದುಡಿಮೆಯನ್ನೂ ಅವರು ಶಿಕ್ಷಣದ ಲೆಕ್ಕಕ್ಕೆ ಸೇರಿಸಿದ್ದರು. ಜ್ಞಾನ ಆರ್ಥಿಕತೆಯನ್ನು ಅಳೆಯಲು ಹೊರಟವರ ಕಣ್ಣಿಗೆ ಅದರ ನಡುಮನೆಯಲ್ಲಿ ಕಂಡದ್ದು ಕಲಿಸುವ ಕೆಲಸ. ಮುಂದೆ 1969ರಲ್ಲಿ ಪೀಟರ್ ಡ್ರಕರ್ ಈ ಪರಿಕಲ್ಪನೆಯನ್ನು ಜನಪ್ರಿಯಗೊಳಿಸಿದರು. 1996ರಲ್ಲಿ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ, ಎರಡು ವರ್ಷಗಳ ನಂತರ ವಿಶ್ವಬ್ಯಾಂಕು ಅದನ್ನು ನೀತಿಯ ಭಾಷೆಯಾಗಿಸಿದವು. ನಮ್ಮಲ್ಲಿ 2005ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಜ್ಞಾನ ಆಯೋಗವೂ 2008ರಲ್ಲಿ ಕೆ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಜ್ಞಾನ ಆಯೋಗವೂ ಬಂದವು. ಇಷ್ಟು ದೂರ ಬರುವಷ್ಟರಲ್ಲಿ ನಡುಮನೆಯಲ್ಲಿದ್ದ ಬೋಧನೆ ಉಗ್ರಾಣಕ್ಕೆ ಸರಿದಿತ್ತು. ಅಲ್ಲಿಂದ ಮಾನವ ಸಂಪನ್ಮೂಲವನ್ನು ಪೂರೈಸುವುದಷ್ಟೇ ಅದರ ಕೆಲಸವೆಂದಾಯಿತು.

ಈ ಸರಿದಾಟ ಏಕೆ ಅಪಾಯಕಾರಿ ಎಂಬುದನ್ನು ಅರ್ಥಶಾಸ್ತ್ರವೇ ವಿವರಿಸುತ್ತದೆ. ಒಂದು ಚೀಲ ಗೊಬ್ಬರವನ್ನು ಒಬ್ಬ ರೈತ ಬಳಸಿದರೆ ಇನ್ನೊಬ್ಬನಿಗೆ ಅದು ಉಳಿಯುವುದಿಲ್ಲ. ಆ ಗೊಬ್ಬರವನ್ನು ಯಾವ ಹದದಲ್ಲಿ ಎಷ್ಟು ಹಾಕಬೇಕು ಎಂಬ ತಿಳಿವಳಿಕೆಯನ್ನು ಲಕ್ಷ ಜನ ಬಳಸಿದರೂ ಅದು ಸವೆಯುವುದಿಲ್ಲ. ಪಾಲ್ ರೋಮರ್ 1990ರಲ್ಲಿ ಬರೆದ ಪ್ರಬಂಧ ಜ್ಞಾನದ ಈ ಗುಣವನ್ನೇ ಆರ್ಥಿಕ ಬೆಳವಣಿಗೆಯ ಮೂಲವೆಂದು ತೋರಿಸಿತು. 2018ರಲ್ಲಿ ಅವರಿಗೆ ನೊಬೆಲ್ ಬಂತು. ಇದರ ಇನ್ನೊಂದು ಮುಖವನ್ನು ಕೆನೆತ್ ಆರೋ 1962ರಲ್ಲೇ ಹೇಳಿದ್ದರು: ಒಮ್ಮೆ ಹೊರಬಿದ್ದರೆ ಎಲ್ಲರಿಗೂ ಸಿಗುವ ವಸ್ತುವಿನ ಮೇಲೆ ಖಾಸಗಿ ಹೂಡಿಕೆದಾರ ಸಮಾಜಕ್ಕೆ ಬೇಕಾದಷ್ಟು ಹಣ ಹಾಕುವುದಿಲ್ಲ, ಏಕೆಂದರೆ ಅದರ ಲಾಭವೆಲ್ಲ ಅವನ ಕೈಗೆ ಬರುವುದಿಲ್ಲ. ಹಾಗಾದರೆ ಆ ಹೂಡಿಕೆಯನ್ನು ಯಾರು ಮಾಡಬೇಕು? ಬಹುತೇಕ ದೇಶಗಳು ಕಂಡುಕೊಂಡಿರುವ ಉತ್ತರ, ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾಲಯ. ಅಧ್ಯಾಪಕರಿಗೆ ಸಂಬಳ ಬರುವುದು ಈ ಕಾರಣಕ್ಕೆ. ಮಾರಾಟವಾಗುವ ಜ್ಞಾನಕ್ಕೆ ಮಾರುಕಟ್ಟೆ ತಾನೇ ಬೆಲೆ ಕೊಟ್ಟುಕೊಳ್ಳುತ್ತದೆ. ಯಾರೂ ಮಾರಲಾಗದ, ಎಲ್ಲರಿಗೂ ಬೇಕಾದ ಭಾಗವನ್ನು ನೋಡಿಕೊಳ್ಳಲೆಂದು ಸಮಾಜ ನಮ್ಮನ್ನು ನೇಮಿಸಿದೆ.

ಸಿದ್ಧಾಂತದ ಮಾತು ಸಾಕು. ನಮ್ಮ ಹೊಲಕ್ಕೇ ಬರೋಣ. ದೇಶದಲ್ಲಿ ಬೆಳೆಯುವ ರಾಗಿಯ ಅರ್ಧಕ್ಕಿಂತ ಹೆಚ್ಚು ಪಾಲು ಕರ್ನಾಟಕದ್ದು. ರಾಗಿ ತನ್ನ ಪರಾಗದಿಂದ ತಾನೇ ಫಲಿಸುವ ಬೆಳೆ. ಒಮ್ಮೆ ಒಳ್ಳೆಯ ತಳಿ ಸಿಕ್ಕರೆ ರೈತ ತನ್ನ ಕಣದ ಕಾಳನ್ನೇ ಮುಂದಿನ ವರ್ಷ ಬಿತ್ತಬಹುದು. ಮುಸುಕಿನ ಜೋಳದ ಹೈಬ್ರಿಡ್ ಬೀಜದಂತೆ ಪ್ರತಿ ವರ್ಷ ಅಂಗಡಿಗೆ ಹೋಗುವ ಕಟ್ಟುಪಾಡಿಲ್ಲ. ಬೀಜದ ಕಂಪನಿಗೆ ಇಂಥ ಬೆಳೆಯಲ್ಲಿ ಹಣ ಹೂಡಲು ಕಾರಣವೇ ಇಲ್ಲ. ಮೇಲಾಗಿ ರಾಗಿಯ ಹೂವು ಬಹಳ ಸಣ್ಣದು, ಎರಡು ತಳಿಗಳನ್ನು ಕೂಡಿಸುವುದು ತಾಳ್ಮೆಯನ್ನು ಪರೀಕ್ಷಿಸುವ ಕೆಲಸ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ಆ ಕೆಲಸವನ್ನು ಮಾಡಿದವರು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಲಕ್ಷ್ಮಣಯ್ಯನವರು. ನಮ್ಮ ನಾಡಿನ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಅವರು ಹೊರತಂದ ಇಂಡಾಫ್ ತಳಿಗಳು ಹಳೆ ಮೈಸೂರಿನ ಹೊಲಗಳ ಇಳುವರಿಯನ್ನೇ ಬದಲಿಸಿದವು. ಮುಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬೆಂಕಿ ರೋಗವನ್ನು ತಡೆದುಕೊಳ್ಳುವ ಜಿಪಿಯು-28 ತಳಿಯನ್ನು ಕೊಟ್ಟರು. ಇವತ್ತಿಗೂ ರೈತರು ಅದನ್ನು ಹೆಸರು ಹಿಡಿದು ಕೇಳುತ್ತಾರೆ.

ಈ ತಳಿಗಳಿಂದ ನಾಡಿಗೆ ಬಂದ ಹೆಚ್ಚುವರಿ ಧಾನ್ಯದ ಬೆಲೆ ಯಾವ ವಿಶ್ವವಿದ್ಯಾಲಯದ ಆದಾಯದ ಪಟ್ಟಿಯಲ್ಲೂ ಇಲ್ಲ. ರೈತ ಪಕ್ಕದ ಊರಿನ ನೆಂಟನಿಗೆ ಎರಡು ಸೇರು ಬೀಜ ಕೊಟ್ಟದ್ದಕ್ಕೆ ರಸೀದಿ ಇರುವುದಿಲ್ಲ. ಮನೆಯಲ್ಲೇ ಮುದ್ದೆಯಾದ ರಾಗಿಯ ಬಹುಪಾಲು ಮಾರುಕಟ್ಟೆಯ ಅಂಕಿಅಂಶಕ್ಕೂ ಬರುವುದಿಲ್ಲ. ಆದರೆ ಜ್ಞಾನ ಆರ್ಥಿಕತೆ ಎಂದರೆ ಏನೆಂದು ಯಾರಾದರೂ ಕೇಳಿದರೆ ತೋರಿಸಬೇಕಾದ ಉದಾಹರಣೆ ಇದೇ: ಕೆಲವರ ವರ್ಷಗಟ್ಟಲೆಯ ದುಡಿಮೆ, ಲಕ್ಷಾಂತರ ಹೊಲಗಳಲ್ಲಿ ಖರ್ಚಿಲ್ಲದೆ ಮರುಬಳಕೆ. ವಿಶ್ವವಿದ್ಯಾಲಯ ಈ ಕೆಲಸವನ್ನು ಬಿಟ್ಟಿದ್ದರೆ ಬೇರೆ ಯಾರೂ ಮಾಡುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ವಿದ್ಯುದ್ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ಅಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವನ್ನು ಕಟ್ಟಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ತಂಡದ ಪ್ರಯೋಗಶಾಲೆಯಾಯಿತು. ಅವರು ಮೊದಲು ಮಾಡಿದ್ದು ಯಂತ್ರ ತಯಾರಿಸುವ ಕೆಲಸವಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ತರುತ್ತಾರೆ, ಎಷ್ಟು ಹೊತ್ತು ನಡೆಯುತ್ತಾರೆ ಎಂದು ಮನೆಮನೆಗೆ ಹೋಗಿ ಅಳೆದರು. ಹಳ್ಳಿಯ ಶಕ್ತಿಯ ಮುಖ್ಯ ಮೂಲ ಸೌದೆ, ಅದರ ಮುಖ್ಯ ಬಳಕೆ ಅಡುಗೆ, ಅದರ ಹೊರೆ ಬಿದ್ದಿರುವುದು ಹೆಣ್ಣುಮಕ್ಕಳ ಮೇಲೆ ಎಂಬುದು ಅಂಕಿಗಳಲ್ಲಿ ನಿಂತಿತು. ಅದಾದ ಮೇಲೆ ಅಸ್ತ್ರ ಒಲೆ ಬಂತು, ಜೈವಿಕ ಅನಿಲದ ಪ್ರಯೋಗಗಳು ಬಂದವು. ಅಸ್ತ್ರ ಒಲೆ ಎಲ್ಲ ಮನೆಗಳಲ್ಲೂ ಉಳಿಯಲಿಲ್ಲ. ಅಡುಗೆ ಅನಿಲ ಬಂದಾಗ ಎಷ್ಟೋ ಕಡೆ ಅದು ಮೂಲೆ ಸೇರಿತು. ಆದರೂ ಹಳ್ಳಿಯ ಶಕ್ತಿಯ ಪ್ರಶ್ನೆಯನ್ನು ಅಳತೆಗೆ ತಂದ ಆ ಅಧ್ಯಯನದ ಬೆಲೆ ಒಲೆಯೊಂದಿಗೆ ಮುಗಿಯುವುದಿಲ್ಲ. ತನ್ನ ವಿಷಯದಲ್ಲಿ ಜಗತ್ತೇ ಒಪ್ಪಿದ ಪ್ರಾಧ್ಯಾಪಕರೊಬ್ಬರು ಹಳ್ಳಿಯ ಸೌದೆಯನ್ನು ಶಾಸ್ತ್ರದ ವಿಷಯವೆಂದು ಗೌರವಿಸಿದರು, ಅದಕ್ಕೆ ಅವರ ಸಂಸ್ಥೆ ಅವಕಾಶ ಕೊಟ್ಟಿತು. ನನಗೆ ಇದು ಒಲೆಗಿಂತ ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ವ್ಯವಸ್ಥೆ ಅಧ್ಯಾಪಕರಿಂದ ಏನನ್ನು ಕೇಳುತ್ತ ಬಂದಿದೆ ಎಂದು ನೋಡಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2010ರ ನಿಯಮಾವಳಿ ಎಪಿಐ ಎಂಬ ಅಂಕ ಪದ್ಧತಿಯನ್ನು ತಂದಿತು. ತಜ್ಞರ ಪರಿಶೀಲನೆಗೆ ಒಳಪಟ್ಟ ಪತ್ರಿಕೆಯಲ್ಲಿ ಒಂದು ಲೇಖನಕ್ಕೆ 15 ಅಂಕ ಸಿಗುತ್ತಿತ್ತು. ಪರಿಶೀಲನೆ ಇಲ್ಲದಿದ್ದರೂ ಮಾನ್ಯತೆಯಿದ್ದು ಐಎಸ್‌ಬಿಎನ್ ಅಥವಾ ಐಎಸ್‌ಎಸ್‌ಎನ್ ಸಂಖ್ಯೆ ಪಡೆದ ನಿಯತಕಾಲಿಕದಲ್ಲಿ ಬಂದರೆ 10 ಅಂಕ. ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕಕ್ಕೆ ಕೊಡುವ ನೋಂದಣಿ ಸಂಖ್ಯೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಬಡ್ತಿಯ ಅರ್ಜಿಯಲ್ಲಿ ಅದು ಗುಣಮಟ್ಟದ ಮುದ್ರೆಯಂತೆ ಕೆಲಸ ಮಾಡತೊಡಗಿತು. ಬೇಡಿಕೆ ಇದ್ದಲ್ಲಿ ಪೂರೈಕೆ ಹುಟ್ಟಲು ತಡವಾಗಲಿಲ್ಲ. ಹಣ ಕಟ್ಟಿದರೆ ವಾರದೊಳಗೆ ಲೇಖನ ಅಚ್ಚು ಹಾಕುವ ಪತ್ರಿಕೆಗಳು ನಗರ ನಗರದಲ್ಲಿ ಎದ್ದವು. 2015ರಲ್ಲಿ ಪ್ರಕಟವಾದ ಶೆನ್ ಮತ್ತು ಬ್ಯೋರ್ಕ್ ಅವರ ಅಧ್ಯಯನ, ಇಂಥ ಸುಲಿಗೆಕೋರ ಪತ್ರಿಕೆಗಳಲ್ಲಿ 2010ರಲ್ಲಿ 53 ಸಾವಿರದಷ್ಟಿದ್ದ ಲೇಖನಗಳು 2014ಕ್ಕೆ 4 ಲಕ್ಷ 20 ಸಾವಿರಕ್ಕೆ ಏರಿದವೆಂದು ಅಂದಾಜು ಮಾಡಿತು. ಲೇಖಕರಲ್ಲೂ ಪ್ರಕಾಶಕರಲ್ಲೂ ಭಾರತದ ಪಾಲು ದೊಡ್ಡದಾಗಿತ್ತು. ಯುಜಿಸಿ ತಾನೇ ಅನುಮೋದಿಸಿದ್ದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅದರ ಜಾಗಕ್ಕೆ ಬಂದ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಡಲಾಯಿತು.

ಇದನ್ನು ಕೆಲವರ ಅಪ್ರಾಮಾಣಿಕತೆ ಎಂದು ಬದಿಗೆ ತಳ್ಳಲು ಸಾಧ್ಯವಿಲ್ಲ. ಯಾರೂ ಓದದ ಲೇಖನಕ್ಕೆ ಅಂಕ ಕೊಡುವ ವ್ಯವಸ್ಥೆ ಇದ್ದರೆ, ಯಾರೂ ಓದಲಾರದ ಲೇಖನ ಹುಟ್ಟುತ್ತದೆ. ಜ್ಞಾನ ಆರ್ಥಿಕತೆ ಎಂಬ ಹೆಸರಿನಲ್ಲಿ ನಾವು ಕಟ್ಟಿದ್ದು ಪ್ರಮಾಣಪತ್ರಗಳ ಆರ್ಥಿಕತೆಯನ್ನು. ಅಧ್ಯಾಪಕರ ತಿಂಗಳ ಸಂಬಳದ ಒಂದು ಪಾಲು ಪ್ರಕಾಶಕರಿಗೆ ಹೋಯಿತು, ಅವರ ಸಮಯದ ದೊಡ್ಡ ಪಾಲು ನಮೂನೆ ತುಂಬಲು ಹೋಯಿತು. ನ್ಯಾಕ್ ಮೌಲ್ಯಮಾಪನದಲ್ಲಿ ವಿಶ್ವವಿದ್ಯಾಲಯಗಳಿಗೆ ಬೋಧನೆ ಮತ್ತು ಕಲಿಕೆಗೆ 200 ಅಂಕ, ಸಂಶೋಧನೆ ಮತ್ತು ವಿಸ್ತರಣೆಗೆ 250 ಎಂದು ಹಂಚಿದಾಗ ಸಂಶೋಧನೆಗೆ ಪ್ರೋತ್ಸಾಹ ಸಿಗಲೆಂಬ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಎಣಿಸಬಹುದಾದದ್ದು ಮಾತ್ರ ನಮೂನೆಯೊಳಗೆ ಬಂತು. ತಡವಾಗಿ ಕಲಿಯುವ ವಿದ್ಯಾರ್ಥಿಯ ಪಕ್ಕ ಕೂತು ಒಂದು ಸಮೀಕರಣವನ್ನು ನಾಲ್ಕು ಬಗೆಯಲ್ಲಿ ಬಿಡಿಸಿ ತೋರಿಸಿದ ಸಂಜೆಗೆ ಅಲ್ಲಿ ಕಾಲಂ ಇರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಎಪಿಐ ಬರುವ ಮೊದಲು ಬಡ್ತಿ ಹೇಗೆ ಸಿಗುತ್ತಿತ್ತು? ಜಾತಿ, ಶಿಫಾರಸು, ಸೇವಾವಧಿ ಇವೇ ನಡೆಯುತ್ತಿದ್ದವು, ಅಂಕಪಟ್ಟಿಯಾದರೂ ಎಲ್ಲರಿಗೂ ಒಂದೇ ಎಂಬ ಭರವಸೆ ಕೊಟ್ಟಿತು ಎಂದು ಅನೇಕರು ಹೇಳುತ್ತಾರೆ. ಬೆನ್ನ ಹಿಂದೆ ಯಾರೂ ಇಲ್ಲದ ಅಧ್ಯಾಪಕರಿಗೆ, ಅದರಲ್ಲೂ ಮೊದಲ ತಲೆಮಾರಿನ ಓದಿನಿಂದ ಬಂದವರಿಗೆ ಈ ಭರವಸೆ ಎಷ್ಟು ದೊಡ್ಡದೆಂದು ನಾನು ಬಲ್ಲೆ. ಆದ್ದರಿಂದ ಮೌಲ್ಯಮಾಪನವನ್ನೇ ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಏನನ್ನು, ಎಷ್ಟನ್ನು ನೋಡಬೇಕು ಎಂಬುದು ಪ್ರಶ್ನೆ. ಬ್ರಿಟನ್ನಿನ 2021ರ ಸಂಶೋಧನಾ ಮೌಲ್ಯಮಾಪನದಲ್ಲಿ ಒಬ್ಬರ ಹೆಸರಿನಲ್ಲಿ ಸಲ್ಲಿಸಬಹುದಾಗಿದ್ದ ಕೃತಿಗಳ ಮಿತಿ ಐದು, ವಿಭಾಗದ ಸರಾಸರಿ ತಲೆಗೆ ಎರಡೂವರೆ. ಆ ವ್ಯವಸ್ಥೆಗೂ ಬೇರೆ ದೋಷಗಳಿವೆ, ಆದರೆ ಐವತ್ತು ಲೇಖನ ಬರೆದು ಗೆಲ್ಲುವ ದಾರಿಯನ್ನು ಅದು ಮುಚ್ಚಿತು. ಸಲ್ಲಿಸಿದ್ದನ್ನು ತಜ್ಞರು ಓದಲೇಬೇಕಾಯಿತು. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮಾವಳಿಯೂ ಅಂಕಗಳ ಬದಲಿಗೆ ಗಮನಾರ್ಹ ಕೊಡುಗೆಗಳನ್ನು ನೋಡಬೇಕೆಂದಿತು. ಹೊಸ ಬಗೆಯ ಬೋಧನೆ, ಭಾರತೀಯ ಭಾಷೆಗಳಲ್ಲಿ ಬೋಧನೆ, ಸಮುದಾಯ ಸೇವೆ ಆ ಪಟ್ಟಿಯಲ್ಲಿದ್ದವು. ಅದೇ ಕರಡು ಎಬ್ಬಿಸಿದ, ಕುಲಪತಿಗಳನ್ನು ಆರಿಸುವ ಅಧಿಕಾರ ಯಾರದು ಎಂಬ ಜಗಳದಲ್ಲಿ ಈ ಭಾಗದ ಮೇಲೆ ಹೆಚ್ಚು ಚರ್ಚೆ ನಡೆಯಲಿಲ್ಲ. ರಾಜ್ಯಗಳ ಅಧಿಕಾರದ ಪ್ರಶ್ನೆ ದೊಡ್ಡದೇ, ಕರ್ನಾಟಕ ಅದನ್ನು ಎತ್ತಿದ್ದು ಸರಿಯೇ. ಅಧ್ಯಾಪಕ ಸಂಘಟನೆಗಳಾದರೂ ಈ ಇನ್ನೊಂದು ಭಾಗವನ್ನು ಹಿಡಿದು ಮಾತಾಡಬೇಕಿತ್ತು.

ಎರಡನೆಯ ಆಕ್ಷೇಪ ಹಣದ್ದು. ವಿಶ್ವವಿದ್ಯಾಲಯ ತನ್ನ ಜ್ಞಾನವನ್ನು ಪೇಟೆಂಟು ಮಾಡಿ ಮಾರಿಕೊಳ್ಳಲಿ, ಅಧ್ಯಾಪಕರು ಕಂಪನಿ ಕಟ್ಟಲಿ, ಆಗ ಸರ್ಕಾರದ ಮುಂದೆ ಕೈಯೊಡ್ಡುವುದು ತಪ್ಪುತ್ತದೆ ಎನ್ನುತ್ತಾರೆ. ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯಿದೆ ಇಂಥ ದಾರಿ ತೆರೆಯಿತು. ಅದನ್ನೇ ಮಾದರಿಯಾಗಿಟ್ಟುಕೊಂಡ ಮಸೂದೆ 2008ರಲ್ಲಿ ನಮ್ಮ ರಾಜ್ಯಸಭೆಗೂ ಬಂದು, 2014ರಲ್ಲಿ ವಾಪಸಾಯಿತು. ಗೂಗಲ್‌ನ ಮೂಲ ಪೇಟೆಂಟಿನಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸುಮಾರು 33 ಕೋಟಿ ಡಾಲರ್ ಬಂದದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಅದೇ ದೇಶದ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಪೇಟೆಂಟು ಕಚೇರಿಯ ಆದಾಯ ಆ ಕಚೇರಿಯ ಖರ್ಚಿಗೇ ಸಾಲುವುದಿಲ್ಲ ಎಂಬುದನ್ನು ಉದಾಹರಿಸುವವರು ಕಡಿಮೆ. ಅಧ್ಯಾಪಕರು ಉದ್ಯಮ ಕಟ್ಟುವುದು ತಪ್ಪೆಂದು ನಾನು ಭಾವಿಸುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸಿಂಪ್ಯೂಟರ್ ಎಂಬ ಅಗ್ಗದ ಕಂಪ್ಯೂಟರನ್ನು ರೂಪಿಸಲು ಹೊರಟದ್ದು, ಜೀವವಿಜ್ಞಾನದ ಕಂಪನಿ ಸ್ಥಾಪಿಸಿದ್ದು ಒಳ್ಳೆಯ ಪ್ರಯತ್ನಗಳೇ. ಆದರೆ ಪ್ರಯೋಗಾಲಯವೇ ಇಲ್ಲದ ಜಿಲ್ಲಾ ಕೇಂದ್ರದ ಕಾಲೇಜಿಗೆ ವರ್ಷಕ್ಕೆ ಇಷ್ಟು ಪೇಟೆಂಟು ಅರ್ಜಿ ಹಾಕಿ ಎಂದು ಗುರಿ ನಿಗದಿ ಮಾಡಿದರೆ ಲೇಖನಗಳಿಗೆ ಆದ ಗತಿಯೇ ಪೇಟೆಂಟಿಗೂ ಆಗುತ್ತದೆ. ರಾಗಿಯ ತಳಿಗೆ ಮೊದಲೇ ಬೇಲಿ ಹಾಕಿದ್ದರೆ ಅದು ಊರಿಂದೂರಿಗೆ ಹೋಗುತ್ತಿತ್ತೇ ಎಂಬ ಪ್ರಶ್ನೆಯನ್ನೂ ಜೊತೆಗಿಟ್ಟುಕೊಳ್ಳಬೇಕು.

ಮೂರನೆಯದು ಪೋಷಕರ ಆಕ್ಷೇಪ, ಅದನ್ನು ಹಗುರವಾಗಿ ಕಾಣಲಾಗದು. ಸಾಲ ಮಾಡಿ ಮಗಳನ್ನು ಓದಿಸಿದವರಿಗೆ ಕೆಲಸ ಬೇಕು. ಉದ್ಯಮಗಳು ಪದವೀಧರರಲ್ಲಿ ಕೌಶಲವಿಲ್ಲ ಎನ್ನುತ್ತವೆ. ಆದ್ದರಿಂದ ಅಧ್ಯಾಪಕರು ಉದ್ಯಮಕ್ಕೆ ಬೇಕಾದದ್ದನ್ನೇ ಕಲಿಸಲಿ ಎಂಬ ಒತ್ತಡ ಬೆಳೆದಿದೆ. ಆದರೆ ಉದ್ಯಮಕ್ಕೆ ನಿಜಕ್ಕೂ ಏನು ಬೇಕು ಎಂಬುದನ್ನು ಅದು ಮಾಡುವುದರಿಂದ ತಿಳಿಯಬೇಕು. ಇನ್ಫೋಸಿಸ್ ಮೈಸೂರಿನಲ್ಲಿ ದೊಡ್ಡ ತರಬೇತಿ ಕೇಂದ್ರವನ್ನೇ ಕಟ್ಟಿಕೊಂಡು ಹೊಸಬರಿಗೆ ತಿಂಗಳುಗಟ್ಟಲೆ ಕಲಿಸುತ್ತದೆ. ಇಂದಿನ ತಂತ್ರಾಂಶ, ಇಂದಿನ ಸಾಧನ ಯಾವುದೇ ಇರಲಿ, ಅದನ್ನು ಕಂಪನಿ ತನ್ನ ಖರ್ಚಿನಲ್ಲಿ, ತನಗೆ ಬೇಕಾದ ಹಾಗೆ, ವಿಶ್ವವಿದ್ಯಾಲಯಕ್ಕಿಂತ ಚೆನ್ನಾಗಿ ಕಲಿಸಬಲ್ಲದು. ಓದಿದ್ದನ್ನು ಅರ್ಥ ಮಾಡಿಕೊಳ್ಳುವುದು, ಗಣಿತದ ತಳಹದಿ, ಸ್ಪಷ್ಟವಾಗಿ ಬರೆಯುವುದು, ತಪ್ಪನ್ನು ತಾನೇ ಹಿಡಿಯುವ ಅಭ್ಯಾಸ ಇವು ಆ ಕೆಲವು ತಿಂಗಳಲ್ಲಿ ಬರುವುದಿಲ್ಲ. ಇವು ಮೂರು ವರ್ಷ, ನಾಲ್ಕು ವರ್ಷ ಒಬ್ಬ ಅಧ್ಯಾಪಕರ ಜೊತೆಯಲ್ಲಿದ್ದು ಬರುವಂಥವು. ಐದು ವರ್ಷಕ್ಕೆ ಹಳತಾಗುವ ಕೌಶಲಕ್ಕಾಗಿ ಜೀವನವಿಡೀ ಬೇಕಾದದ್ದನ್ನು ಬಿಟ್ಟುಕೊಟ್ಟರೆ ನಷ್ಟವಾಗುವುದು ಆ ಸಾಲ ಮಾಡಿದ ಕುಟುಂಬಕ್ಕೇ.

ಎಲ್ಲವೂ ಅಂತರ್ಜಾಲದಲ್ಲಿ ಸಿಗುವಾಗ, ಈಗ ಕೃತಕ ಬುದ್ಧಿಮತ್ತೆಯೇ ಉತ್ತರ ಕೊಡುವಾಗ ಅಧ್ಯಾಪಕರೇಕೆ ಎಂಬ ಮಾತೂ ಇದೆ. ಅಂತರ್ಜಾಲದಲ್ಲಿ ಇರುವುದನ್ನು ಅಲ್ಲಿ ಇಟ್ಟವರು ಯಾರು ಎಂದು ಮೊದಲು ಕೇಳಬೇಕು. 2003ರಲ್ಲಿ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳು ಸಾರ್ವಜನಿಕ ಸಂಬಳ ಪಡೆದ ಅಧ್ಯಾಪಕರು ಎಲ್ಲರಿಗೂ ಕೊಟ್ಟ ಕೊಡುಗೆ. ಅವನ್ನು ಕೇಳಿ ತಾನೇ ಕಲಿಯಬಲ್ಲ ವಿದ್ಯಾರ್ಥಿಗೆ ಅವು ವರದಾನ. ಹಾಗೆ ತಾನೇ ಕಲಿಯುವ ಶಕ್ತಿ ಮಾತ್ರ ಹುಟ್ಟಿನಿಂದ ಬರುವುದಲ್ಲ. ಉತ್ತರ ಅಗ್ಗವಾದಷ್ಟೂ ಅದು ಸರಿಯೇ ತಪ್ಪೇ ಎಂದು ನಿರ್ಧರಿಸುವ ಸಾಮರ್ಥ್ಯದ ಬೆಲೆ ಏರುತ್ತದೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಮೊದಲ ವರ್ಷದ ಬಿ.ಎಸ್ಸಿ.ಯಲ್ಲಿ ಇಂಗ್ಲಿಷ್ ಪಠ್ಯದ ಮುಂದೆ ಕೂತ ಹುಡುಗಿಗೆ ಈ ಸಾಮರ್ಥ್ಯವನ್ನು ಕೊಡಬಲ್ಲವರು ಎದುರಿಗೆ ನಿಂತು ಅವಳ ಮುಖ ನೋಡಿ ಪಾಠವನ್ನು ತಿದ್ದಿಕೊಳ್ಳುವ ಅಧ್ಯಾಪಕರು.

ಈ ಹುಡುಗಿಯನ್ನು ನೆನೆದಾಗಲೇ ಕನ್ನಡದ ಪ್ರಶ್ನೆ ಏಳುತ್ತದೆ. ನಾವು ಹುಟ್ಟಿಸುವ ಜ್ಞಾನ ಎಷ್ಟು ಜನರನ್ನು ಮುಟ್ಟುತ್ತದೋ ಅಷ್ಟು ಅದರ ಬೆಲೆ ಎಂಬುದನ್ನು ಒಪ್ಪಿದರೆ, ಆರು ಕೋಟಿಗೂ ಹೆಚ್ಚು ಜನರಿರುವ ನಾಡಿನಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಇರುವ ಜ್ಞಾನ ತನ್ನ ಬೆಲೆಯ ಬಹುಪಾಲನ್ನು ಬಿಟ್ಟುಕೊಟ್ಟಂತೆ. ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ. ಎರಡೇ ವರ್ಷಗಳಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಮರುವರ್ಷ ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ ಬಂತು. ಕನ್ನಡದಲ್ಲಿ ಬರೆದರೆ ಶಾಸ್ತ್ರದ ಗೌರವ ಹೋಗುತ್ತದೆ ಎನ್ನುವವರಿಗೆ ಬಿ. ಜಿ. ಎಲ್. ಸ್ವಾಮಿಯವರೇ ಉತ್ತರ. ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಅವರು, 1950ರಲ್ಲಿ ಹಾರ್ವರ್ಡಿನ ಬೈಲಿಯವರೊಡನೆ ಸಾರ್ಕಾಂಡ್ರ ಎಂಬ ಗಿಡದ ಕಾಷ್ಠದ ರಚನೆಯ ಬಗ್ಗೆ ಬರೆದ ಪ್ರಬಂಧ ಸಸ್ಯವಿಜ್ಞಾನದ ಚರಿತ್ರೆಯಲ್ಲಿ ನಿಂತಿದೆ. ಅವರದೇ ‘ಹಸುರು ಹೊನ್ನು’ ಕನ್ನಡದ ಮನೆಮನೆಗಳಲ್ಲಿ ಸಸ್ಯಶಾಸ್ತ್ರವನ್ನು ಓದಿಸಿತು, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಒಂದೇ ಕೈ ಎರಡನ್ನೂ ಬರೆಯಿತು. ಇಂದಿನ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಲ್ಲಿ ಹಣವಿಲ್ಲದೆ, ಸಿಬ್ಬಂದಿಯಿಲ್ಲದೆ ಪುಸ್ತಕಗಳು ಮರುಮುದ್ರಣ ಕಾಣದೆ ಉಳಿದಿರುವುದನ್ನು ಕಂಡರೆ ಸಂಕಟವಾಗುತ್ತದೆ.

ಇಷ್ಟು ಹೇಳಿದ ಮೇಲೆ, ಈ ಕೆಲಸ ಮಾಡಬೇಕಾದವರು ಯಾವ ಸ್ಥಿತಿಯಲ್ಲಿದ್ದಾರೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 1,168 ವಿಶ್ವವಿದ್ಯಾಲಯಗಳು, 45,473 ಕಾಲೇಜುಗಳು, ಸುಮಾರು 16 ಲಕ್ಷ ಅಧ್ಯಾಪಕರಿದ್ದರು. ಯುವಜನರ ಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಕಾಲೇಜುಗಳಿದ್ದುದು ಕರ್ನಾಟಕದಲ್ಲಿ, ಲಕ್ಷಕ್ಕೆ 66. ಆದರೆ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸುತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಖಾಯಂ ಅಧ್ಯಾಪಕರಿಗಿಂತ ಅವರ ಸಂಖ್ಯೆಯೇ ಹೆಚ್ಚು. ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 50 ಸಾವಿರದವರೆಗೆ ಕೊಡಬಹುದೆಂದು ಯುಜಿಸಿ 2019ರಲ್ಲಿ ಹೇಳಿತ್ತು. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಗೌರವಧನವನ್ನು ಏರಿಸಿದಾಗಲೂ ಅತಿ ಹೆಚ್ಚಿನ ಮೊತ್ತ 32 ಸಾವಿರವಾಗಿತ್ತು. ವರ್ಷ ವರ್ಷವೂ ಕೆಲಸ ಮುಗಿದು ಮತ್ತೆ ಅರ್ಜಿ ಹಾಕುವವರಿಂದ ಹತ್ತು ವರ್ಷದ ಸಂಶೋಧನೆಯ ಯೋಜನೆಯನ್ನು ಹೇಗೆ ನಿರೀಕ್ಷಿಸುವುದು? ಲಕ್ಷ್ಮಣಯ್ಯನವರ ರಾಗಿಗೆ ಬೇಕಾದದ್ದು ಮೊದಲಿಗೆ ಸುಗ್ಗಿಯಿಂದ ಸುಗ್ಗಿಗೆ ಒಂದೇ ಜಾಗದಲ್ಲಿ ನಿಲ್ಲುವ ಅವಕಾಶ. ದೇಶ ಸಂಶೋಧನೆಗೆ ಖರ್ಚು ಮಾಡುತ್ತಿರುವುದು ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟು, ದಕ್ಷಿಣ ಕೊರಿಯಾದಲ್ಲಿ ಅದು ಶೇ. 4ಕ್ಕಿಂತ ಹೆಚ್ಚು. ರಾಜ್ಯದಲ್ಲಿ ಹೊಸದಾಗಿ ಘೋಷಿಸಿದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಹಣವಿಲ್ಲವೆಂದು ಮುಚ್ಚುವ ಮಾತು 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು. ಹಣ, ಹುದ್ದೆ, ಜಾಗ ಇಲ್ಲದೆ ವಿಶ್ವವಿದ್ಯಾಲಯ ಘೋಷಿಸಿದ್ದೂ ತಪ್ಪು, ಮಕ್ಕಳು ಸೇರಿದ ಮೇಲೆ ಮುಚ್ಚಲು ಹೊರಟದ್ದೂ ತಪ್ಪು.

ಸರ್ಕಾರದ ಕೊರತೆಗಳು ಅಧ್ಯಾಪಕರ ಹೊಣೆಯನ್ನು ಇಳಿಸುವುದಿಲ್ಲ. ಖಾಯಂ ಹುದ್ದೆಯಲ್ಲಿರುವ ನಮಗೆ ದೇಶದ ಸರಾಸರಿಗೆ ಹೋಲಿಸಿದರೆ ಬಹಳ ಒಳ್ಳೆಯ ಸಂಬಳವಿದೆ, ಕೆಲಸದ ಭದ್ರತೆಯಿದೆ, ಏನನ್ನು ಓದಬೇಕು ಏನನ್ನು ಹುಡುಕಬೇಕು ಎಂದು ತೀರ್ಮಾನಿಸುವ ಸ್ವಾತಂತ್ರ್ಯವಿದೆ. ಇವನ್ನು ಬಳಸಲು ಹೊಸ ನಿಯಮಾವಳಿಗೆ ಕಾಯಬೇಕಿಲ್ಲ. ಪ್ರತಿ ವಿಭಾಗವೂ ತನ್ನ ಜಿಲ್ಲೆಯ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಬಹುದು: ಕೋಲಾರದ ಕೊಳವೆಬಾವಿಯ ಫ್ಲೋರೈಡ್ ಇರಲಿ, ರಾಯಚೂರಿನ ವಲಸೆ ಇರಲಿ, ಕಾರವಾರದ ಮೀನುಗಾರರ ಬಲೆಗೆ ಬೀಳುವ ಮೀನಿನ ಬದಲಾವಣೆ ಇರಲಿ. ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು ಐದಾರು ವರ್ಷ ಬಿಡದೆ ಅದನ್ನು ಅಳೆದು, ಇಂಗ್ಲಿಷಿನಲ್ಲಿ ಜಗತ್ತಿಗೂ ಕನ್ನಡದಲ್ಲಿ ಆ ಜಿಲ್ಲೆಯ ಜನರಿಗೂ ಬರೆದು ಕೊಡಬಹುದು. ಆಯ್ಕೆ ಸಮಿತಿಗಳಲ್ಲೂ ಬಡ್ತಿ ಸಮಿತಿಗಳಲ್ಲೂ ಕೂರುವ ಹಿರಿಯರು ಈ ಸಭೆಯಲ್ಲಿ ಅನೇಕರಿದ್ದೀರಿ. ತಮ್ಮಲ್ಲಿ ನನ್ನ ವಿನಂತಿ ಇದು: ಮುಂದಿನ ಸಭೆಗೆ ಹೋಗುವಾಗ ಅಂಕಗಳ ಮೊತ್ತವನ್ನು ನೋಡುವ ಮೊದಲು ಪ್ರತಿ ಅಭ್ಯರ್ಥಿಯ ಒಂದು ಬರಹವನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಹೋಗಿ, ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರನ್ನಾದರೂ ಕರೆದು ಮಾತಾಡಿಸಿ.